ಕಡಲ ದಡದ ಕಾಟೇಜಿನಲ್ಲಿ ಒಂದು ವಾರ: ಮನೆ, ಅಲೆ, ಅಡುಗೆ

ಪ್ರಶ್ನೆ: ನಾವು ಆರು ಜನ. ನಾನು, ಗಂಡ, ಐದು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ಅತ್ತೆ, ಮಾವ. ಮೊದಲ ಸಲ ಹೋಟೆಲ್ ಬಿಟ್ಟು, ಕಡಲ ತೀರದಲ್ಲಿ ನಾವೇ ಅಡುಗೆ ಮಾಡಿಕೊಂಡು ಇರುವಂಥ ಕಾಟೇಜ್ ಒಂದನ್ನು ವಾರದ ಮಟ್ಟಿಗೆ ಹಿಡಿಯಬೇಕೆಂದಿದ್ದೇವೆ. ಎರಡು ಮನೆ ನೋಡಿಟ್ಟಿದ್ದೇವೆ. ಒಂದು ಎತ್ತರದ ಬಂಡೆಯ ಅಂಚಿನಲ್ಲಿದೆ, ಕಿಟಕಿ ತೆಗೆದರೆ ಸಮುದ್ರವೇ. ಇನ್ನೊಂದು ಸ್ವಲ್ಪ ಒಳಗೆ, ಸಮುದ್ರ ಕಾಣುವುದಿಲ್ಲ, ಆದರೆ ಮರಳಿನ ತನಕ ಸಮತಟ್ಟಾದ ದಾರಿ ಇದೆಯಂತೆ. ಯಾವುದನ್ನು ಹಿಡಿಯಲಿ? ಯಾವ ವಾರ ಒಳ್ಳೆಯದು? ರಜೆಗೆ ಹೋಗಿಯೂ ನಾನು ಅಡುಗೆಮನೆಯಲ್ಲೇ ಉಳಿಯುವಂತಾಗಬಾರದು, ಅದಕ್ಕೇನು ಮಾಡಬೇಕು?

ಉತ್ತರ: ಎರಡನೆಯ ಮನೆ ಹಿಡಿಯಿರಿ. ಕಿಟಕಿಯಿಂದ ಕಾಣುವ ಕಡಲು ಮೊದಲ ಸಂಜೆ ಎಲ್ಲರನ್ನೂ ಹಿಡಿದು ನಿಲ್ಲಿಸುತ್ತದೆ, ನಿಜ. ಆದರೆ ಕಡಲಿಗೆ ಇಳಿಯುವ ದಾರಿಯನ್ನು ನೀವು ದಿನಕ್ಕೆ ಎರಡು ಮೂರು ಸಲ ತುಳಿಯುತ್ತೀರಿ. ಒಂದು ಕೈಯಲ್ಲಿ ಐದು ವರ್ಷದ ಮಗು, ಇನ್ನೊಂದರಲ್ಲಿ ಒದ್ದೆ ಟವೆಲ್ ತುಂಬಿದ ಚೀಲ. ಬಂಡೆಯ ಮೇಲಿನ ಮನೆಯಾದರೆ ಮಾವನವರು ಮೊದಲ ದಿನ ಉತ್ಸಾಹದಿಂದ ಮೆಟ್ಟಿಲಿಳಿದು ಬರುತ್ತಾರೆ. ಎರಡನೆಯ ದಿನ ಮಂಡಿ ಹಿಡಿದುಕೊಂಡು "ನೀವು ಹೋಗಿ ಬನ್ನಿ, ನಾವು ಇಲ್ಲೇ ಕೂತಿರುತ್ತೇವೆ" ಅನ್ನುತ್ತಾರೆ. ಅಲ್ಲಿಂದ ಮುಂದೆ ಮನೆಯಲ್ಲಿ ಎರಡು ಗುಂಪು, ಎರಡು ಊಟದ ಹೊತ್ತು, ಎರಡು ಪಾಳಿ ಅಡುಗೆ. ನೀವು ಹೆದರುತ್ತಿರುವ ಅಡುಗೆಮನೆಯ ಸೆರೆವಾಸ ಶುರುವಾಗುವುದು ಒಲೆಯ ಮುಂದೆ ಅಲ್ಲ, ಈ ಮೆಟ್ಟಿಲುಗಳ ಮೇಲೆ.

"ದಾರಿ ಇದೆಯಂತೆ" ಎಂದು ಬರೆದಿದ್ದೀರಿ. ಆ "ಅಂತೆ"ಯನ್ನು ಮುಂಗಡ ಕೊಡುವ ಮೊದಲೇ ಬಗೆಹರಿಸಿಕೊಳ್ಳಿ. ಜಾಹೀರಾತಿನಲ್ಲಿ "ಬೀಚಿಗೆ ಐದು ನಿಮಿಷ" ಎಂದಿದ್ದರೆ ಅದು ನಡಿಗೆಯೋ ಕಾರಿನ ಓಟವೋ ಕೇಳಿ. ಉಪಗ್ರಹ ನಕ್ಷೆಯಲ್ಲಿ ಮನೆಯನ್ನು ಹುಡುಕಿ, ಮನೆಯಿಂದ ಮರಳಿನವರೆಗೆ ಬೆರಳಿಟ್ಟು ದಾರಿ ಹಿಡಿಯಿರಿ. ನಡುವೆ ವಾಹನ ಓಡಾಡುವ ರಸ್ತೆ ಇದೆಯೇ, ಕಾಲುಹಾದಿ ಇನ್ನೊಬ್ಬರ ಜಮೀನು ದಾಟುತ್ತದೆಯೇ, ಕೊನೆಯಲ್ಲಿ ಮೆಟ್ಟಿಲಿದ್ದರೆ ಹಿಡಿಕೆ ಇದೆಯೇ ನೋಡಿ. ಮಾಲೀಕರನ್ನು ಕೇಳಲೇಬೇಕಾದ, ಆದರೆ ಹೆಚ್ಚಿನವರು ಕೇಳದ ಒಂದು ಪ್ರಶ್ನೆಯಿದೆ: "ಪೂರ್ತಿ ಉಬ್ಬರ ಬಂದಾಗ ಅಲ್ಲಿ ಮರಳು ಉಳಿಯುತ್ತದೆಯೇ?" ಫೋಟೋದಲ್ಲಿ ಅಗಲವಾಗಿ ಹಾಸಿಕೊಂಡ ಎಷ್ಟೋ ಬೀಚುಗಳು ದಿನದಲ್ಲಿ ಕೆಲವು ಗಂಟೆ ಇರುವುದೇ ಇಲ್ಲ. ನೀರು ಬಂಡೆಯ ಬುಡಕ್ಕೇ ಬಂದು ಬಡಿಯುತ್ತಿರುತ್ತದೆ. ಫೋಟೋಗ್ರಾಫರ್ ಇಳಿತದ ಹೊತ್ತಿಗೇ ಕ್ಯಾಮೆರಾ ತೆಗೆದಿರುತ್ತಾನೆ.

ಇನ್ನು ವಾರದ ಆಯ್ಕೆ. ಜನ ಶಾಲೆಯ ರಜೆ ನೋಡುತ್ತಾರೆ, ಹವಾಮಾನ ನೋಡುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ಉಬ್ಬರವಿಳಿತದ ಪಟ್ಟಿಯನ್ನೂ ನೋಡಿ ಎನ್ನುವುದು ನನ್ನ ಕಳಕಳಿಯ ಸಲಹೆ. ಕಡಲ ದಡದಲ್ಲಿ ಸ್ವಂತ ಅಡುಗೆಮನೆ ಇರುವುದರ ನಿಜವಾದ ಲಾಭ ಖರ್ಚಿನ ಉಳಿತಾಯವಲ್ಲ. ಹೋಟೆಲಿನಲ್ಲಿ ತಿಂಡಿಗೆ, ಊಟಕ್ಕೆ ಗಡಿಯಾರ ಕಟ್ಟಿರುತ್ತದೆ. ಸಮುದ್ರದ ವೇಳಾಪಟ್ಟಿ ಮಾತ್ರ ದಿನದಿಂದ ದಿನಕ್ಕೆ ಸರಿಯುತ್ತಲೇ ಇರುತ್ತದೆ. ಒಲೆ ನಿಮ್ಮ ಕೈಯಲ್ಲಿದ್ದರೆ ನೀರು ಇಳಿದಾಗ ದಡದಲ್ಲಿದ್ದು, ನೀರು ಏರಿದಾಗ ಮನೆಗೆ ಬಂದು ಉಣ್ಣಬಹುದು. ಇಷ್ಟು ಹೊಂದಿಸಿಕೊಂಡರೆ ಅರ್ಧ ಯೋಜನೆ ಮುಗಿದಂತೆ.

ಲೆಕ್ಕ ಕಷ್ಟದ್ದಲ್ಲ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತ ನಾಳೆ ಸರಾಸರಿ 50 ನಿಮಿಷ ತಡವಾಗಿ ಬರುತ್ತದೆ. ಬಂದ ಮರುದಿನ ಬೆಳಿಗ್ಗೆ 9:30ಕ್ಕೆ ಇಳಿತವಿದ್ದರೆ, ಅದರ ನಂತರದ ಐದನೆಯ ದಿನಕ್ಕೆ ಅದು ಮಧ್ಯಾಹ್ನ 1:40ರ ಆಸುಪಾಸಿಗೆ ಸರಿದಿರುತ್ತದೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ವಾರ ಬೇಡ. ಪ್ರತಿ ದಿನವೂ ಬೆಳಕು ಚೆನ್ನಾಗಿರುವ ಹೊತ್ತಿನಲ್ಲೇ ಅಗಲವಾದ ಮರಳು ಸಿಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಅತಿ ಎತ್ತರ, ಇಳಿತ ಅತಿ ಆಳ. ಅರ್ಧಚಂದ್ರನ ಆಸುಪಾಸಿನಲ್ಲಿ ಎರಡೂ ಮಂದ. ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿಯಿದೆ: ಒಂದೇ ಜಾಗದಲ್ಲಿ ಈ ದೊಡ್ಡ ಇಳಿತಗಳು ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೂ ಹೆಚ್ಚುಕಮ್ಮಿ ಅದೇ ಗಂಟೆಗೆ ಬೀಳುತ್ತವೆ. ನೀವು ಹೋಗುವ ಊರಿನಲ್ಲಿ ಹುಣ್ಣಿಮೆಯ ಸುಮಾರಿಗೆ ಇಳಿತ ನಡುಮಧ್ಯಾಹ್ನಕ್ಕೆ ಬರುವುದಾದರೆ, ಮುಂದಿನ ಹುಣ್ಣಿಮೆಗೂ ಹಾಗೇ. ಅದರ ಒಂದು ವಾರದ ನಂತರ ಕತೆ ತಿರುಗಿ, ಮಧ್ಯಾಹ್ನಕ್ಕೆ ಉಬ್ಬರ, ಬೆಳಗಿನ ಜಾವ ಮತ್ತು ಸಂಜೆಗೆ ಇಳಿತ. ಒಂದು ತಿಂಗಳ ಪಟ್ಟಿ ಕಣ್ಣಾಡಿಸಿದರೆ ಸಾಕು, ಆ ತೀರದ ಸ್ವಭಾವ ತಿಳಿಯುತ್ತದೆ. ಪಟ್ಟಿಯಲ್ಲಿನ ಸಮಯ ಸ್ಥಳೀಯ ಗಡಿಯಾರದ್ದೇ ಎಂದು ಖಚಿತಪಡಿಸಿಕೊಳ್ಳಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಪಟ್ಟಿಗಳು ಆ ಗಂಟೆಯನ್ನು ಸೇರಿಸಿರುವುದಿಲ್ಲ.

ಎಲ್ಲ ಸಮುದ್ರವೂ ಹೀಗಲ್ಲ. ಮೆಡಿಟರೇನಿಯನ್, ಬಾಲ್ಟಿಕ್ ತೀರಗಳ ಹೆಚ್ಚಿನ ಕಡೆ ಏರಿಳಿತ ಕಣ್ಣಿಗೆ ಬೀಳುವುದೇ ಕಡಿಮೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರ್ ಮುಟ್ಟುತ್ತದೆ. ನಿಮ್ಮದು ಮೊದಲ ಬಗೆಯ ತೀರವಾದರೆ ಮೇಲಿನ ಲೆಕ್ಕವನ್ನು ಪಕ್ಕಕ್ಕಿಟ್ಟು, ಗಾಳಿ ಮತ್ತು ಬಿಸಿಲನ್ನಷ್ಟೇ ನೋಡಿ.

ಹವಾಮಾನದ ಬಗ್ಗೆ ಎರಡು ಮಾತು. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಸಮಶೀತೋಷ್ಣ ವಲಯದಲ್ಲಿ ಬೇಸಿಗೆಯ ಅತಿ ಉದ್ದದ ಹಗಲಿನ ಹೊತ್ತಿಗೆ ನೀರು ಇನ್ನೂ ಕೊರೆಯುತ್ತಿರುತ್ತದೆ, ಬೇಸಿಗೆಯ ಕೊನೆಗೆ ಹದಕ್ಕೆ ಬರುತ್ತದೆ. ಮಕ್ಕಳು ನೀರಿಗಿಳಿಯಬೇಕಾದರೆ ರಜೆಯ ಕೊನೆಯ ವಾರಗಳು ಮೊದಲ ವಾರಗಳಿಗಿಂತ ಮೇಲು. ಬಿಸಿಲಿನ ದಿನಗಳಲ್ಲಿ ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ದೊಡ್ಡವರಿಗೆ ಅದು ಹಿತ, ಒದ್ದೆ ಬಟ್ಟೆಯಲ್ಲಿರುವ ಐದು ವರ್ಷದ ಮಗುವಿಗೆ ನಡುಕ.

ಇನ್ನು ಸುರಕ್ಷತೆ. ಇಲ್ಲಿ ನಾನು ಸಂಕೋಚವಿಲ್ಲದೆ ಕಟ್ಟುನಿಟ್ಟು. ನೀರು ಆರು ಗಂಟೆಯಲ್ಲಿ ಸಮನಾಗಿ ಏರುವುದಿಲ್ಲ. ನಾವಿಕರ ಹಳೆಯ ಲೆಕ್ಕವೊಂದಿದೆ: ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ ತಲಾ 3, ಐದಕ್ಕೆ 2, ಆರಕ್ಕೆ 1. ಅಂದರೆ ಅರ್ಧ ನೀರು ನಡುವಿನ ಎರಡೇ ಗಂಟೆಯಲ್ಲಿ ಬರುತ್ತದೆ. ಮೊದಲ ಗಂಟೆಯ ನಿಧಾನ ನೋಡಿ "ಇನ್ನೂ ಹೊತ್ತಿದೆ" ಎಂದುಕೊಂಡು ಬಂಡೆಯ ಮೂಲೆ ಸುತ್ತಿ ಪಕ್ಕದ ಕೊಲ್ಲಿಗೆ ಹೋದವರು ಸಿಕ್ಕಿಹಾಕಿಕೊಳ್ಳುವುದು ಹೀಗೆ. ಬಂಡೆಗಳ ನಡುವಿನ ನೀರಿನ ಹೊಂಡಗಳಲ್ಲಿ ಏಡಿ, ನಕ್ಷತ್ರಮೀನು ನೋಡಲು ಒಂಬತ್ತು ವರ್ಷದ ಮಗು ಖಂಡಿತ ಆಸೆಪಡುತ್ತದೆ. ಇಳಿತಕ್ಕೆ ಒಂದೆರಡು ಗಂಟೆ ಮೊದಲೇ ಹೊರಡಿ, ನೀರು ಹಿಂದೆ ಸರಿದಂತೆ ನೀವೂ ಮುಂದೆ ಹೋಗಿ, ಇಳಿತದ ಗಂಟೆ ಹೊಡೆದ ಕೂಡಲೇ ಮುಖ ತಿರುಗಿಸಿ. ಮಕ್ಕಳು ಎಷ್ಟು ಗೋಗರೆದರೂ ಸರಿ.

ಅಲೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ನೊರೆ ಏಳದೆ, ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುತ್ತಿದ್ದರೆ ಮಕ್ಕಳನ್ನು ಅಲ್ಲಿ ಇಳಿಸಲು ಮನಸ್ಸಾಗುತ್ತದೆ. ಅದೇ ಅಪಾಯದ ಜಾಗ. ದಡಕ್ಕೆ ಬಂದ ನೀರು ಹಿಂದಕ್ಕೆ ಹರಿಯುವ ಕಾಲುವೆ ಅದು. ರಿಪ್ ಕರೆಂಟ್ ಎಂದು ಕರೆಯುವ ಈ ಸೆಳೆತ ಜೋರಾದಾಗ ಸೆಕೆಂಡಿಗೆ ಎರಡು ಮೀಟರಿಗೂ ಮೀರಿ ಓಡುತ್ತದೆ, ಎಂಥ ಈಜುಗಾರನೂ ಅದಕ್ಕೆ ಎದುರಾಗಿ ದಡ ಸೇರಲಾರ. ಸಿಕ್ಕಿಕೊಂಡರೆ ಸೆಣಸಬಾರದು. ತೇಲಿಕೊಂಡು, ಕೈಯೆತ್ತಿ ಕೂಗಿ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಗಾಳಿ ತುಂಬುವ ಆಟಿಕೆಗಳನ್ನು, ಕುದುರೆಯಿರಲಿ, ಹಾಸಿಗೆಯಿರಲಿ, ಮನೆಯಲ್ಲೇ ಬಿಟ್ಟು ಹೋಗಿ. ನೆಲದಿಂದ ಕಡಲ ಕಡೆಗೆ ಗಾಳಿ ಬೀಸುವ ದಿನ ದಡದ ನೀರು ಕನ್ನಡಿಯಂತೆ ಕಾಣುತ್ತದೆ, ಆ ದಿನವೇ ಇವು ಮಗುವನ್ನು ಹೊತ್ತು ದೂರ ಸಾಗುವುದು. ಜೀವರಕ್ಷಕರಿರುವ ಬೀಚು ಸ್ವಲ್ಪ ದೂರವಾದರೂ ನೀರಾಟಕ್ಕೆ ಅಲ್ಲಿಗೇ ಹೋಗಿ.

ಈಗ ನಿಮ್ಮ ಅಸಲಿ ಚಿಂತೆಗೆ ಬರೋಣ, ಅಡುಗೆಗೆ.

ಮನೆಯಲ್ಲಿ "ಆರು ಜನ ಮಲಗಬಹುದು" ಎಂದು ಬರೆದಿದ್ದರೆ ಅದರಲ್ಲಿ ಇಬ್ಬರು ಹಾಲಿನ ಸೋಫಾ ಕಮ್ ಬೆಡ್ ಮೇಲೆ ಎಂಬ ಅರ್ಥ ಎಷ್ಟೋ ಸಲ ಅಡಗಿರುತ್ತದೆ. ಹಾಲಿಗೆ ಅಡುಗೆಮನೆ ಅಂಟಿಕೊಂಡಿದ್ದರೆ, ಬೆಳಿಗ್ಗೆ ಆರಕ್ಕೆ ಎದ್ದು ಚಹಾ ಕಾಯಿಸುವ ಅತ್ತೆಯವರು ಅಲ್ಲಿ ಮಲಗಿದವರನ್ನು ಎಬ್ಬಿಸದೆ ಒಂದು ಲೋಟ ನೀರನ್ನೂ ಬಿಸಿ ಮಾಡಲಾರರು. ಮೂರು ಪ್ರತ್ಯೇಕ ಕೋಣೆ ಇದೆಯೇ ಕೇಳಿ. ಹಿರಿಯರ ಕೋಣೆ ಕೆಳಗಿರಲಿ, ಶೌಚಾಲಯ ಅದೇ ಅಂತಸ್ತಿನಲ್ಲಿರಲಿ.

ಅಡುಗೆಮನೆಯ ಫೋಟೋದಲ್ಲಿ ಜನ ಕಲ್ಲಿನ ಕಟ್ಟೆಯ ಹೊಳಪು ನೋಡುತ್ತಾರೆ. ನೀವು ಊಟದ ಮೇಜಿನ ಸುತ್ತ ಎಷ್ಟು ಕುರ್ಚಿ ಇವೆ ಎಂದು ಎಣಿಸಿ. ಆರಕ್ಕೆ ನಾಲ್ಕಿದ್ದರೆ ಎರಡು ಪಂಕ್ತಿ ಊಟ, ಎರಡನೇ ಪಂಕ್ತಿಯಲ್ಲಿ ಯಾರಿರುತ್ತಾರೆ ಎಂದು ನಿಮಗೇ ಗೊತ್ತು. ಆಮೇಲೆ ಕಪಾಟಿನ ಬಾಗಿಲು ತೆಗೆದು ಒಂದು ಫೋಟೋ ಕಳಿಸಿ ಎಂದು ಮಾಲೀಕರನ್ನು ಕೇಳಿ. ಬೇಸರಪಡದೆ ಕಳಿಸುವವರ ಮನೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕಾಟೇಜುಗಳಲ್ಲಿ ತಟ್ಟೆ ಲೋಟಗಳು ಎಷ್ಟೋ ಸಲ ಜನರ ಲೆಕ್ಕಕ್ಕೆ ಸರಿಯಾಗಿ ಇರುತ್ತವೆ. ಆರು ಜನಕ್ಕೆ ಆರೇ ತಟ್ಟೆ ಎಂದರೆ ಪ್ರತಿ ಊಟಕ್ಕೂ ಮುಂಚೆ ಪಾತ್ರೆ ತೊಳೆಯುವುದು. ದೊಡ್ಡ ಪಾತ್ರೆ ಎಷ್ಟು ಲೀಟರಿನದು ಎಂದೂ ಕೇಳಿ. ಆರು ಜನಕ್ಕೆ ಒಮ್ಮೆಗೇ ಬೇಯಿಸಲು 5 ಲೀಟರಿನದೊಂದು ಬೇಕೇ ಬೇಕು, ಇಲ್ಲದಿದ್ದರೆ ಒಂದೇ ಅಡುಗೆಯನ್ನು ಎರಡು ಸಲ ಮಾಡುತ್ತೀರಿ. ಇಂಡಕ್ಷನ್ ಒಲೆಯಾದರೆ ನೀವು ಒಯ್ಯುವ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಕಚ್ಚಿದರೆ ಮಾತ್ರ ಅದು ಅಲ್ಲಿ ಬೇಯುತ್ತದೆ. ಮನೆಯಿಂದ ಒಯ್ಯಲೇಬೇಕಾದದ್ದು ಒಂದು ಹರಿತವಾದ ಚಾಕು. ಬಾಡಿಗೆ ಮನೆಯ ಚಾಕುಗಳನ್ನು ಸಾಣೆ ಹಿಡಿಸುವವರು ಕಡಿಮೆ. ದಪ್ಪ ರಟ್ಟು ಸುತ್ತಿ ಒಯ್ಯಿರಿ, ವಿಮಾನವಾದರೆ ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲೇ ಇಡಿ.

ಫ್ರಿಜ್ಜಿನ ಗಾತ್ರ ಕೇಳಲು ಮರೆಯಬೇಡಿ. ಕಟ್ಟೆಯ ಕೆಳಗಿನ ಸಣ್ಣ ಫ್ರಿಜ್ ಆದರೆ ವಾರದ ಸಾಮಾನು ಹಿಡಿಯದು. ಎರಡು ಸಲ ಖರೀದಿಗೆ ಹೋಗುವ ಲೆಕ್ಕ ಹಾಕಿಕೊಳ್ಳಿ, ಹತ್ತಿರದ ಅಂಗಡಿ ಯಾವ ದಿನ ಮುಚ್ಚಿರುತ್ತದೆ ಎಂದು ವಿಚಾರಿಸಿಡಿ. ಹೋದ ತಕ್ಷಣ ಒಳಗಿನ ತಾಪ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿದೆಯೇ ನೋಡಿ. ಖಾಲಿ ಮನೆಯಲ್ಲಿ ಅದನ್ನು ಆರಿಸಿಯೇ ಇಟ್ಟಿರಬಹುದು. ಬೆಂದ ಅನ್ನವನ್ನು ಮೇಜಿನ ಮೇಲೆ ಬಿಟ್ಟು ಬೀಚಿಗೆ ಹೋಗಬೇಡಿ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಿಕ್ಕಿದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗಿಡಿ. ಬಂಡೆಗೆ ಅಂಟಿದ ಚಿಪ್ಪುಜೀವಿಗಳನ್ನು ಮಕ್ಕಳು ಕಿತ್ತು ತಂದರೆ ಬೇಯಿಸುವ ಸಾಹಸ ಬೇಡ. ಪಾಚಿ ಉಕ್ಕುವ ಕಾಲದಲ್ಲಿ ಅವುಗಳಲ್ಲಿ ಸೇರುವ ನಂಜು ಎಷ್ಟು ಕುದಿಸಿದರೂ ಉಳಿದಿರುತ್ತದೆ.

ಕೆಲಸ ಹಂಚುವುದು ಹೇಗೆ? "ಎಲ್ಲರೂ ಸೇರಿ ಮಾಡೋಣ" ಎಂಬ ಮಾತನ್ನು ನಂಬಬೇಡಿ. ಎಲ್ಲರ ಕೆಲಸ ಎಂದರೆ ಕೊನೆಗೆ ಯಾರಿಗೆ ಮೊದಲು ಕಣ್ಣಿಗೆ ಬೀಳುತ್ತದೋ ಅವರ ಕೆಲಸ, ಮತ್ತು ಸಿಂಕಿನ ಪಾತ್ರೆ ಮೊದಲು ಕಾಣುವುದು ನಿಮಗೇ. ಏಳು ರಾತ್ರಿಗಳನ್ನು ಹೀಗೆ ನೋಡಿ: ಮೊದಲ ರಾತ್ರಿ ಮನೆಯಿಂದಲೇ ಮಾಡಿ ತಂದ ಊಟ, ಬಿಸಿ ಮಾಡಿದರೆ ಮುಗಿಯಿತು. ಕೊನೆಯ ರಾತ್ರಿ ಫ್ರಿಜ್ ಖಾಲಿ ಮಾಡುವ ಊಟ. ನಡುವೆ ಒಂದು ರಾತ್ರಿ ಹೊರಗೆ. ಉಳಿದದ್ದು ನಾಲ್ಕು, ನಿಮ್ಮಲ್ಲಿ ದೊಡ್ಡವರೂ ನಾಲ್ವರು. ಒಬ್ಬೊಬ್ಬರಿಗೆ ಒಂದೊಂದು ರಾತ್ರಿ ಪೂರ್ತಿ, ಅಂದರೆ ಏನು ಮಾಡುವುದೆಂಬ ಯೋಚನೆಯಿಂದ ಹಿಡಿದು ಪಾತ್ರೆ ಒರೆಸಿ ಇಡುವ ತನಕ. ಮಾವನವರಿಗೆ ಒಲೆಯ ಅಭ್ಯಾಸವಿಲ್ಲದಿದ್ದರೆ ಅವರ ರಾತ್ರಿ ಮೊಟ್ಟೆ, ಬ್ರೆಡ್, ಹಣ್ಣು, ಸಹಾಯಕ್ಕೆ ಮೊಮ್ಮಗ ಅಥವಾ ಮೊಮ್ಮಗಳು. ಅದೇ ರಾತ್ರಿಯನ್ನು ಮಕ್ಕಳು ವರ್ಷಗಟ್ಟಲೆ ನೆನೆದರೆ ಆಶ್ಚರ್ಯವಿಲ್ಲ. ಈ ಮಾತನ್ನು ಹೊರಡುವ ಮುಂಚೆಯೇ, ಮನೆಯಲ್ಲಿ ಕೂತು, ನಿಮ್ಮ ಗಂಡನೇ ಎತ್ತುವಂತೆ ನೋಡಿಕೊಳ್ಳಿ. ಅಲ್ಲಿ ಹೋದ ಮೇಲೆ ನೀವು ಹೇಳಿದರೆ ಅದು ದೂರಿನಂತೆ ಕೇಳಿಸುತ್ತದೆ.

ಹಗಲಿನ ಊಟಕ್ಕೆ ಉಬ್ಬರವೇ ಗಂಟೆ. ನೀರು ಏರಿ ಮರಳು ಮುಚ್ಚುವ ಹೊತ್ತಿಗೆ ದಿನದ ದೊಡ್ಡ ಊಟ, ಇಳಿತ ಮಧ್ಯಾಹ್ನಕ್ಕಿರುವ ದಿನ ಬುತ್ತಿ ಕಟ್ಟಿಕೊಂಡು ದಡದಲ್ಲೇ. ಬೆಳಿಗ್ಗೆ ತಿಂಡಿಯ ಜೊತೆಗೇ ಬುತ್ತಿ ಕಟ್ಟಿದರೆ ಒಲೆ ದಿನಕ್ಕೆ ಎರಡೇ ಸಲ ಹತ್ತುತ್ತದೆ.

ಮನೆಯೊಳಗಿನ ಇನ್ನೆರಡು ವಿಷಯ. ಊರಿನಿಂದ ದೂರದ ಕಾಟೇಜುಗಳಲ್ಲಿ ಸಾಮಾನ್ಯವಾಗಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದಕ್ಕೆ ಎಣ್ಣೆ, ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್ ಹೋದರೆ ರಜೆಯ ನಡುವೆಯೇ ಉಕ್ಕಿ ಬರುತ್ತದೆ. ಬಿಸಿನೀರಿನ ಟ್ಯಾಂಕ್ ಚಿಕ್ಕದಾದರೆ ಕಡಲಿನಿಂದ ಬಂದ ಆರು ಜನ ಒಂದೇ ಸಲ ಮೀಯಲಾಗದು. ಮಕ್ಕಳು, ಹಿರಿಯರು ಮೊದಲು. ಸಂಜೆ ಅಂಗಳದಲ್ಲಿ ಇದ್ದಿಲಿನ ಬಾರ್ಬೆಕ್ಯೂ ಹಚ್ಚಿದ್ದಾಗ ಮಳೆ ಬಂದರೆ ಅದನ್ನು ಎಂದಿಗೂ ಒಳಗೆ ತರಬೇಡಿ. ಆರಿದಂತೆ ಕಾಣುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಅಥವಾ ಸೌದೆ ಒಲೆಯಿರುವ ಮನೆಯಲ್ಲಿ ಇದಕ್ಕೆ ಅಲಾರ್ಮ್ ಇದೆಯೇ ಕೇಳಿ. ಇಲ್ಲವೆಂದರೆ ಬ್ಯಾಟರಿಯದೊಂದನ್ನು ನೀವೇ ಒಯ್ಯಿರಿ, ಅಂಗೈಯಗಲದ ಸಾಮಾನು.

ಬಟ್ಟೆಬರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿ ತಡೆಯುವ ಒಂದೊಂದು ಜಾಕೆಟ್, ಬೇಕೆನಿಸಿದ್ದಕ್ಕಿಂತ ಎರಡು ಟವೆಲ್ ಹೆಚ್ಚು, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹಿರಿಯರ ಔಷಧಿ ಮೂರು ದಿನಕ್ಕೆ ಹೆಚ್ಚುವರಿ, ಮಳೆ ಹಿಡಿದ ದಿನಕ್ಕೆ ಒಂದು ಕಟ್ಟು ಇಸ್ಪೀಟು. ಹಾಸಿಗೆ ಬಟ್ಟೆ, ಟವೆಲ್ ಮನೆಯವರು ಕೊಡುತ್ತಾರೆಯೇ ಎಂದು ಮಾತ್ರ ಮೊದಲೇ ಕೇಳಿ.

ಹೋದ ದಿನ ಹೆಚ್ಚಿನ ಮನೆಗಳು ಮಧ್ಯಾಹ್ನ 3 ಅಥವಾ 4ರ ಮೊದಲು ತೆರೆಯುವುದಿಲ್ಲ, ಬಿಡುವ ದಿನ ಬೆಳಿಗ್ಗೆ 10ಕ್ಕೆ ಖಾಲಿ ಮಾಡಬೇಕು. ನಡುವಿನ ಗಂಟೆಗಳು ಗುಡಿಸಿ ಒರೆಸಲು. ಆದ್ದರಿಂದ ಹೋಗುವಾಗ ಮೊದಲ ರಾತ್ರಿಯ ಊಟ, ಮರುದಿನದ ತಿಂಡಿ ಮತ್ತು ಮಕ್ಕಳ ಈಜುಬಟ್ಟೆ ಒಂದೇ ಚೀಲದಲ್ಲಿ ಕೈಗೆ ಸಿಗುವಂತಿರಲಿ. ಒಳಹೋದ ಕೂಡಲೇ ಮನೆಯ ಪೂರ್ತಿ ವಿಳಾಸ, ತುರ್ತು ಸಂಖ್ಯೆ, ನಕ್ಷೆಯಲ್ಲಿನ ಅಕ್ಷಾಂಶ ರೇಖಾಂಶ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಬಾಗಿಲ ಬಳಿ ಅಂಟಿಸಿ. ಬಂಡೆಗಳ ಮರೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ಮನೆಗಳು ಬಹಳ. ಆತಂಕದ ಹೊತ್ತಿಗೆ ಯಾರಿಗೂ ವಿಳಾಸ ನೆನಪಾಗುವುದಿಲ್ಲ.

ಹಣ ಕೊಡುವ ಮುನ್ನ ರದ್ದತಿಯ ಶರತ್ತುಗಳನ್ನು ಓದಿ. ಬಾಕಿ ಹಣ ಯಾವಾಗ ಕೊಡಬೇಕು, ಹಿರಿಯರಿಗೆ ಹುಷಾರು ತಪ್ಪಿ ಹೋಗಲಾಗದಿದ್ದರೆ ಎಷ್ಟು ವಾಪಸು ಬರುತ್ತದೆ, ಡೆಪಾಸಿಟ್ ಯಾವ ಕಾರಣಕ್ಕೆ ಹಿಡಿಯುತ್ತಾರೆ ಇವಿಷ್ಟು ಬರಹದಲ್ಲಿರಲಿ. ಬುಕಿಂಗ್ ತಾಣದಲ್ಲಿ ಮನೆ ತೋರಿಸಿ, ಹಣವನ್ನು ಮಾತ್ರ ನೇರ ಬ್ಯಾಂಕ್ ಖಾತೆಗೆ ಹಾಕಿ ಎನ್ನುವವರಿಂದ ದೂರವಿರಿ. ಮನೆಯ ಫೋಟೋವನ್ನು ಚಿತ್ರ ಹುಡುಕಾಟಕ್ಕೆ ಹಾಕಿದರೆ ಅದೇ ಚಿತ್ರ ಬೇರೆ ಊರಿನ ಬೇರೆ ಹೆಸರಿನ ಮನೆಗೂ ಇದೆಯೇ ತಿಳಿದುಬಿಡುತ್ತದೆ.

ಮೊದಲು ಪಟ್ಟಿ ನೋಡಿ ಹೊಂದುವ ಎರಡು ವಾರ ಗುರುತಿಸಿಕೊಳ್ಳಿ, ಆಮೇಲೆ ಎರಡನೆಯ ಮನೆಯವರಿಗೆ ದಾರಿ, ಉಬ್ಬರದ ಮರಳು, ಕೋಣೆಗಳು, ಕುರ್ಚಿ, ದೊಡ್ಡ ಪಾತ್ರೆ, ಫ್ರಿಜ್, ಅಲಾರ್ಮ್ ಎಲ್ಲವನ್ನೂ ಒಂದೇ ಪತ್ರದಲ್ಲಿ ಕೇಳಿ. ದಾರಿಯಲ್ಲಿ ಮೆಟ್ಟಿಲುಗಳಿವೆ ಎಂದು ಉತ್ತರ ಬಂದರೆ ಆ ಮನೆಯನ್ನೂ ಬಿಟ್ಟು ಮೂರನೆಯದನ್ನು ಹುಡುಕಿ. ಬಂಡೆಯ ಅಂಚಿನ ಮನೆಗೆ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, ನೀವು ನಾಲ್ವರೇ ಹೋಗುವಾಗ ಹೋಗಬಹುದು.